ಬಿಸಿ ಗ್ರಹವನ್ನು ಬಂಟ್ವಾಳಕ್ಕೆ ಎಳೆಯಬಾರದೆಂಬ ಬಗ್ಗೆ

ದಿನಾಂಕ: 23-11-1987

ಇಂದ:
ಮಹಮ್ಮದ್ ಕುಂಞಿ, ವಿಜ್ಞಾನ ಅಧ್ಯಾಪಕ (ಇರುವುದು ಒಬ್ಬನೇ), ಪ್ರೌಢಶಾಲೆ, ಪುಂಜಾಲಕಟ್ಟೆ ಸಮೀಪ.

ಗೆ:
ಶ್ರೀ ನಾರಾಯಣಮೂರ್ತಿಯವರು, ವಿಜ್ಞಾನ ಬೋಧನಾ ಮೇಲ್ವಿಚಾರಕರು, ಬಂಟ್ವಾಳ.

ವಿಷಯ: ಅರ್ಜಿದಾರನನ್ನು ತಮ್ಮ ಕಛೇರಿಗೆ ನಿಯೋಜಿಸಿದ ಆದೇಶವನ್ನು ಮಾರ್ಚ್‌ವರೆಗೆ ತಡೆಹಿಡಿಯುವ ಬಗ್ಗೆ.

ಉಲ್ಲೇಖ: 1. ತಮ್ಮ ಆದೇಶ, ದಿನಾಂಕ 18-11-1987.
2. ಮೂಡುಬಿದಿರೆಯ ತರಬೇತಿ ಶಿಬಿರದಲ್ಲಿ ತಮ್ಮ ಪ್ಯಾಂಟಿಗೆ ಆದ ತೂತು.

ಮಾನ್ಯರೇ,

ಅರ್ಜಿದಾರನು ತಲೆ ತಗ್ಗಿಸಿ, ಆದರೆ ಪೂರ್ತಿ ತಗ್ಗಿಸದೆ, ವಿನಂತಿಸುವುದೇನೆಂದರೆ:

1. ಎಳೆಯ ಗ್ರಹವು ಅನಿಲದ ತಟ್ಟೆಯೊಳಗೆ ಹುಟ್ಟಿ ಸೂರ್ಯನನ್ನು ಸುತ್ತುವಾಗ, ಅದೇ ಅನಿಲ ಅದನ್ನು ಹಿಂದಿನಿಂದ ಜಗ್ಗುವ ಕಾರಣ, ಮೆಲ್ಲಮೆಲ್ಲನೆ ಒಳಗೆ ಜಾರಿ ಸೂರ್ಯನ ಬಾಯಿಗೆ ಬೀಳಬಹುದು ಎಂದು ಅರ್ಜಿದಾರನು ಮಂಗಳೂರಿನ ರದ್ದಿ ಅಂಗಡಿಯ ಪತ್ರಿಕೆಯೊಂದರಲ್ಲಿ ಓದಿರುತ್ತಾನೆ. ಹಾಗಾದರೆ ನಾವು ನಿಂತಿರುವ ಭೂಮಿ ಹೇಗೆ ಉಳಿಯಿತು ಎಂಬ ಚಿಂತೆಯಲ್ಲಿ ಅವನಿಗೆ ಮೂರು ವಾರ ಊಟ ಸೇರಲಿಲ್ಲ.

2. ಕೊನೆಗೆ ಹೊಳೆಯಿತು. ಗ್ರಹ ಸ್ವತಃ ಬಿಸಿಯಿದ್ದರೆ ಬೆನ್ನ ಹಿಂದಿನ ಅನಿಲ ಕಾದು ತೆಳುವಾಗುತ್ತದೆ. ತೆಳುವಾದದ್ದಕ್ಕೆ ಜಗ್ಗುವ ತ್ರಾಣ ಕಡಿಮೆ, ಮುಂದಿರುವ ಅನಿಲದ ಎಳೆತವೇ ಮೇಲಾಗುತ್ತದೆ. ಆದ್ದರಿಂದ ಬಿಸಿ ಗ್ರಹ ಹೊರಕ್ಕೆ ಸರಿದು ಬದುಕುತ್ತದೆ, ತಣ್ಣಗಿನದು ಒಳಗೆ ಬಿದ್ದು ಸಾಯುತ್ತದೆ. ಇದು ಪಠ್ಯಪುಸ್ತಕದಲ್ಲಿ ಇಲ್ಲ ಎಂಬ ತಮ್ಮ ಆಕ್ಷೇಪ ಸರಿ.

3. ಕಾರಣ, ಶಿಬಿರದ ಮಧ್ಯಾಹ್ನದ ಕುಚ್ಚಲಕ್ಕಿ ಗಂಜಿಯ ಹಂಡೆಯನ್ನೇ ಅನಿಲದ ತಟ್ಟೆ ಎಂದು ಭಾವಿಸಿ, ನಮ್ಮ ಶಾಲೆಯ ಜವಾನ ಜತ್ತಪ್ಪನಿಂದ ಸೌಟು ತಿರುಗಿಸಿ, ಎರಡು ತೆಂಗಿನ ಗೆರಟೆ ತೇಲಿಬಿಡಲಾಯಿತು. ಒಂದು ಖಾಲಿ, ಇನ್ನೊಂದರಲ್ಲಿ ಕೆಂಡ. ಖಾಲಿಯದು ನಡುವಿಗೆ ಹೋಯಿತು. ಕೆಂಡದ್ದು ಹೊರಗೆ ಬಂದಿತು. ಹಂಡೆಯ ಅಂಚು ದಾಟಿ, ಪಕ್ಕದ ಕುರ್ಚಿಯಲ್ಲಿದ್ದ ತಮ್ಮ ಮಡಿಲಿಗೂ ಬಂದಿತು.

"ಇಷ್ಟು ಬಿಸಿ ಉಂಟಾ ನಿಮಗೆ? ಬನ್ನಿ, ನನ್ನ ಕಛೇರಿಯಲ್ಲಿ ಕೂತ್ಕೊಳ್ಳಿ, ತಣ್ಣಗೆ ಮಾಡ್ತೇನೆ" ಎಂದು ತಾವು ಅಪ್ಪಣೆ ಕೊಡಿಸಿದಿರಿ. ವಾರದೊಳಗೆ ಆದೇಶವೂ ಬಂತು. ಪೇಟೆಗೆ ವರ್ಗವಾಗಲು ಉಳಿದ ಮಾಸ್ತರರು ಬಾಳೆಗೊನೆ ಹೊತ್ತು ತಮ್ಮ ಮೆಟ್ಟಿಲು ಸವೆಸುತ್ತಿರುವಾಗ, ಕೇಳದವನಿಗೆ ಸಿಕ್ಕಿದ್ದು ಅರ್ಜಿದಾರನ ಗ್ರಹಚಾರ.

4. ಈಗ ನಿಜ ಹೇಳಬೇಕು. ಹಿಂದಿರುಗುವ ಬಸ್ಸಿನಲ್ಲಿ ಜತ್ತಪ್ಪ ಬಾಯಿಬಿಟ್ಟ: "ಕೆಂಡದ ಗೆರಟೆ ಕೂಡ ಒಳಗೇ ಹೋಗ್ತಾ ಇತ್ತು ಮಾಸ್ಟ್ರೇ. ಅಷ್ಟು ಜನರ ಎದುರು ನಿಮ್ಮ ಮರ್ಯಾದೆ ಹೋಗ್ತದಲ್ಲ ಅಂತ ಸೌಟಿನಲ್ಲಿ ಸ್ವಲ್ಪ ದೂಡಿದೆ. ದೂಡಿದ್ದು ಹೆಚ್ಚಾಯ್ತು." ಅರ್ಜಿದಾರನಿಗೆ ನಾಚಿಕೆಯೂ ಆಯಿತು, ಆ ಮುದುಕನ ಮೇಲೆ ಪ್ರೀತಿಯೂ ಉಕ್ಕಿತು. ಆದ್ದರಿಂದ ಸಿದ್ಧಾಂತ ಸಾಬೀತಾಗಿಲ್ಲ, ತೂತು ಮಾತ್ರ ಸಾಬೀತಾಗಿದೆ. ಹೀಗೆಂದು ಸಹಿ ಹಾಕಿ ಕೊಡಲು ಅವನು ಸಿದ್ಧ.

5. ಆದರೆ ಎಸ್ಸೆಸ್ಸೆಲ್ಸಿಯಲ್ಲಿ ಮೂವತ್ತೊಂದು ಮಕ್ಕಳಿದ್ದಾರೆ. ಬೆಳಕಿನ ಪಾಠ ಅರ್ಧ ಆಗಿದೆ, ವಿದ್ಯುತ್ತನ್ನು ಮುಟ್ಟಿಯೇ ಇಲ್ಲ. ಬೇರೆ ವಿಜ್ಞಾನ ಮಾಸ್ತರರಿಲ್ಲ. ತಪ್ಪು ಅರ್ಜಿದಾರನದು, ಫೇಲಾಗುವವರು ಅವರು.

ಆದ್ದರಿಂದ, ಪರೀಕ್ಷೆಯ ಕೊನೆಯ ಗಂಟೆ ಬಾರಿಸುವವರೆಗೆ ಅವನನ್ನು ಈಗಿನ ಕಕ್ಷೆಯಲ್ಲೇ ಬಿಡಬೇಕಾಗಿ ಕೋರಿಕೆ. ಆಮೇಲೆ ಯಾರೂ ಎಳೆಯಬೇಕಾಗಿಲ್ಲ. ಮೊದಲ ಬಸ್ಸಿಗೆ ತಾನಾಗಿಯೇ ಬಂದು ಬೀಳುತ್ತಾನೆ.

ಸದ್ಯ ದೂರದಿಂದಲೇ ತಮ್ಮ ವಿಶ್ವಾಸಿ,
ಮಹಮ್ಮದ್ ಕುಂಞಿ

ಲಗತ್ತು:
1. ತಮ್ಮ ಆದೇಶದ ನಕಲು.
2. ಜತ್ತಪ್ಪನ ಹೇಳಿಕೆ, ಹೆಬ್ಬೆಟ್ಟಿನೊಂದಿಗೆ.
3. ಸದರಿ ಗೆರಟೆ. (ಪ್ಯಾಂಟು ತಮ್ಮಲ್ಲೇ ಇರುವುದರಿಂದ ಲಗತ್ತಿಸಿಲ್ಲ.)

ವಿ.ಸೂ.: ಅರ್ಜಿಯನ್ನು ಮನ್ನಿಸಿದರೂ ತಿರಸ್ಕರಿಸಿದರೂ ಗೆರಟೆಯನ್ನು ದಯವಿಟ್ಟು ಹಿಂದಿರುಗಿಸಬೇಕು. ಪ್ರಯೋಗವನ್ನು ಜತ್ತಪ್ಪನಿಲ್ಲದೆ ಇನ್ನೊಮ್ಮೆ ಮಾಡಿ ನೋಡುವುದಿದೆ.