ಭಾವನ ರಿವಾಲ್ವರುಗಳು

ನಮ್ಮ ಭಾವನ ಮನೆಗೆ ಕಳ್ಳ ನುಗ್ಗಿದರೆ ಅವನ ಗತಿ ಏನಾಗುತ್ತದೆ ಗೊತ್ತೇ? ಮೊದಲು ಫಿಲ್ಟರ್ ಕಾಫಿ, ಆಮೇಲೆ ಗಾಜಿನ ಬೀರುವಿನಲ್ಲಿರುವ ಒಂದೊಂದು ರಿವಾಲ್ವರಿನ ಚರಿತ್ರೆ! ಇದಕ್ಕಿಂತ ಗುಂಡೇಟೇ ವಾಸಿ ಎಂದು ಕಳ್ಳ ಕೈಮುಗಿದಾನು. ಆದರೆ ಗುಂಡು ಎಲ್ಲಿಂದ ಬರಬೇಕು? ಮನೆಯಲ್ಲಿ ಒಂದೂ ಇಲ್ಲ.

"ಇಷ್ಟು ರಿವಾಲ್ವರು ಇಟ್ಕೊಂಡು ಗುಂಡೇ ಇಲ್ವಾ ಭಾವ?" ಎಂದೆ ಒಮ್ಮೆ.

"ಅಯ್ಯೋ, ಯಾರಿಗಾದ್ರೂ ತಗುಲಿದ್ರೆ?" ಎಂದರು ಗಾಬರಿಯಿಂದ.

ಜಿರಳೆಯನ್ನೂ ಕಾಗದದ ಮೇಲೆ ಹತ್ತಿಸಿಕೊಂಡು ಹಿತ್ತಲಿಗೆ ಬಿಟ್ಟುಬರುವ ಮನುಷ್ಯ! ಎಂಬತ್ತರ ದಶಕದ ಮಾತು. ಗಿಲ್‌ರಾಯ್‌ನಲ್ಲಿ ಮನೆ ಕೊಂಡು, ಅಲ್ಲಿಂದ ಬಲು ದೂರದ ರೆಡ್‌ವುಡ್ ಸಿಟಿಯ ಆಫೀಸಿಗೆ ದಿನಾ ಕಾರು ಓಡಿಸುತ್ತಿದ್ದರು. ಶನಿವಾರ ಬಂತೆಂದರೆ ಹಳೇ ರಿವಾಲ್ವರುಗಳ ಬೇಟೆ. ಮದುವೆಯಾಗಿ ಎಷ್ಟೋ ವರ್ಷಗಳ ಮೇಲೆ ಬಸುರಿಯಾದ ಅಕ್ಕ ಕಡ್ಡಿ ತುಂಡು ಮಾಡಿದ ಹಾಗೆ ಹೇಳಿದಳು: "ಮಗು ಬರೋ ಹೊತ್ತಿಗೆ ಇವೆಲ್ಲ ಮನೆಯಿಂದ ಆಚೆ ಹೋಗಿರ್ಬೇಕು."

"ಎರಡಕ್ಕೂ ಜಾಗ ಇದೆ ಕಣೇ! ಇಷ್ಟು ದೂರ ಬಂದು ದೊಡ್ಡ ಮನೆ ತಗೊಂಡಿದ್ದು ಯಾಕೆ? ಬೀಗ ಹಾಕಿಡ್ತೀನಿ."

ಅಷ್ಟರಲ್ಲಿ ಆಯುಧಪೂಜೆ ಬಂತು. ಅಲ್ಲಿ ನೆಲೆಸಿದ್ದ ನಮ್ಮವರೆಲ್ಲ ಕಾರಿಗೆ ಕುಂಕುಮವಿಟ್ಟು ಸಮಾಧಾನಪಟ್ಟರೆ, ನಮ್ಮ ಭಾವನ ಬಳಿ ನಿಜವಾದ ಆಯುಧಗಳೇ ಇದ್ದವಲ್ಲ! ಹಬ್ಬಕ್ಕೆಂದು ಎಲ್ಲಕ್ಕೂ ಎಣ್ಣೆಸ್ನಾನ, ಅದೂ ಕೊಬ್ಬರಿ ಎಣ್ಣೆಯಲ್ಲಿ; ಮೇಲೆ ಕುಂಕುಮ. ಬೆಳಗಿನ ಚಳಿಗೆ ಎಣ್ಣೆ ಗಟ್ಟಿಯಾಗಿ ಒಂದರ ಗುಂಡು ತುಂಬುವ ಚಕ್ರವೂ ತಿರುಗಲೊಲ್ಲದು. ಭಾವ ಎಲ್ಲವನ್ನೂ ಹಿತ್ತಲಿಗೆ ಹೊತ್ತು, ಅಕ್ಕನ ಸಂಡಿಗೆಯ ಪಕ್ಕದಲ್ಲಿ ಬಿಸಿಲಿಗೆ ಹರವಿದರು. ಎಣ್ಣೆ ಕರಗಿ ಕುಂಕುಮ ಕೆಂಪಗೆ ಇಳಿಯುತ್ತಿದ್ದುದನ್ನು ಬೇಲಿಯಾಚೆಯ ಅಜ್ಜಿ ಕಂಡರು. ಪೊಲೀಸರಿಗೆ ಫೋನ್ ಹೋಯಿತು!

ಬಂದ ಪೊಲೀಸಿನವನಿಗೆ ಭಾವ ಕಾಫಿ ಕೊಟ್ಟು ಚರಿತ್ರೆ ಶುರುಮಾಡಿದರು. ಮೂರನೆಯ ರಿವಾಲ್ವರಿನ ಹೊತ್ತಿಗೆ ಪಾಪ, ಅವನು ತನ್ನ ಕಾರು ಹತ್ತಿ ಕೂತಿದ್ದ. ಸಂಡಿಗೆಯನ್ನು ಮಾತ್ರ ಮರೆಯದೆ ಒಯ್ದ.

"ನೋಡು, ಪೊಲೀಸೇ ಏನೂ ಅನ್ಲಿಲ್ಲ. ನಿಂದೇನೇ?" ಎಂದು ಭಾವ ಬೀಗಿದರು. ಅಕ್ಕ ಆಮೇಲೆ ಎರಡು ದಿನ ಅವರೊಡನೆ ಮಾತು ಬಿಟ್ಟಳು.

ಹೆಣ್ಣುಮಗು ಹುಟ್ಟಿತು. ಆಸ್ಪತ್ರೆಯಲ್ಲಿ ಅದು ಭಾವನ ಬೆರಳನ್ನು ಹಿಡಿದದ್ದು ಬಿಡಲೇ ಇಲ್ಲ. ಮರುದಿನ ನನ್ನನ್ನು ಜೊತೆಗೆ ಕರೆದುಕೊಂಡು, ಎಲ್ಲ ರಿವಾಲ್ವರುಗಳನ್ನೂ ಹೇವರ್ಡಿನಲ್ಲಿದ್ದ ಹಳೇ ಬಂದೂಕಿನ ಅಂಗಡಿಗೆ ಕೊಟ್ಟುಬಂದರು.

"ಬೀಗ ಹಾಕಿದ್ರೆ ಸಾಕಿತ್ತಲ್ಲ ಭಾವ?"

"ಬೀಗ ಹಾಕೋನು ನಾನೇ ತಾನೇ? ಒಂದಿನ ಮರೀತೀನಿ ಕಣೋ."

ಫ್ರೀವೇಯುದ್ದಕ್ಕೂ ಕಣ್ಣೊರೆಸಿಕೊಳ್ಳುತ್ತಲೇ ಇದ್ದರು.

ಮಗುವನ್ನೆತ್ತಿಕೊಂಡು ಮನೆಗೆ ಬಂದ ಅಕ್ಕ ಖಾಲಿ ಬೀರುವಿನ ಮುಂದೆ ನಿಂತಳು. ಗೆದ್ದವಳು ನಗಬೇಕಿತ್ತಲ್ಲವೇ? ಅವಳ ಕಣ್ಣು ತುಂಬಿ ಬಂತು.

"ಒಂದನ್ನಾದ್ರೂ ಇಟ್ಕೋಬಾರ್ದಿತ್ತೇನ್ರೀ?" ಎಂದಳು.