ಸದ್ದಿಲ್ಲದ ಲಾರಿ, ಮರೆತ ಡಬ್ಬಿ

ಹೊಗೆ ಕಡಿಮೆಯಾಗುವುದನ್ನು ಯಾರು ತಾನೇ ಬೇಡ ಎನ್ನುತ್ತಾರೆ? ನಾನೂ ಎಂದಿಲ್ಲ. ದಿನಚರಿಯಲ್ಲಿ ತಾರೀಖು ಹಾಕಿ ‘ಒಳ್ಳೆಯದಾಯಿತು’ ಎಂದೇ ಬರೆದಿದ್ದೇನೆ. ನನ್ನ ಗಂಡ ಖಾನಾಪುರದಿಂದ ಬೆಳಗಾವಿಗೆ ಇಟ್ಟಿಗೆ ಸಾಗಿಸುವ ಲಾರಿಯ ಡ್ರೈವರ್. ಮಾಲೀಕರು ಹಳೆಯ ಡೀಸೆಲ್ ಲಾರಿ ಮಾರಿ ಸಿಎನ್‌ಜಿ ಲಾರಿ ತಂದ ದಿನ ಅದಕ್ಕೆ ಆರತಿ ಎತ್ತಿದವಳು ನಾನೇ. ಕರ್ಪೂರದ ಜೊತೆ ನನ್ನ ಸುಖವನ್ನೂ ಉರಿಸುತ್ತಿದ್ದೇನೆಂದು ಆಗ ಹೊಳೆಯಲಿಲ್ಲ.

ಖಾಸಬಾಗದ ನಮ್ಮ ಮನೆಗೆ ಎರಡೇ ಕೋಣೆ. ನಮಗೆ ಮದುವೆಯಾದ ಹೊಸತು. ಅತ್ತೆಯವರೋ ಎರಡೂ ಕೋಣೆಗಳಲ್ಲಿ ಒಂದೇ ಹೊತ್ತಿಗೆ ಇರಬಲ್ಲವರು. ಡೀಸೆಲ್ ಕಾಲದಲ್ಲಿ ಲಾರಿ ಓಣಿಯ ತಿರುವಿಗೆ ಬಂದರೆ ಸಾಕು, ಅಡುಗೆಮನೆಯ ಹಲಗೆಯ ಮೇಲೆ ಸ್ಟೀಲ್ ತಟ್ಟೆಗಳು ನಡುಗುತ್ತಿದ್ದವು. “ಡಬ್ಬಿ ಇಸ್ಕೊಂಡ ಬರ್ತೀನ್ರಿ ಅತ್ತಿ” ಎಂದು ನಾನು ಓಡುತ್ತಿದ್ದೆ. ಊಟ ಮುಗಿದ ಖಾಲಿ ಡಬ್ಬಿ, ತೂಕವೇನಿಲ್ಲ. ಆದರೂ ಇಬ್ಬರೂ ಒಂದೊಂದು ಕಡೆ ಹಿಡಿದು ಮೆಲ್ಲಗೆ ಬರುತ್ತಿದ್ದೆವು. ನಮ್ಮಿಬ್ಬರದೇ ಮಾತು ಎಂಬುದು ಇಡೀ ದಿನದಲ್ಲಿ ಅಷ್ಟೇ.

ಹೊಸ ಲಾರಿಗೆ ಅಂಥ ಗಂಟಲಿಲ್ಲ. ಗ್ಯಾಸ್ ಬಂಕಿನಲ್ಲಿ ಸರದಿ ಕಾದು ಬರುವುದರಿಂದ ಬರುವ ಹೊತ್ತೂ ಗೊತ್ತಿಲ್ಲ. ಒಂದು ಸಂಜೆ ತಟ್ಟೆಗಳು ನಡುಗಿದವೆಂದು ಜಡೆ ಸರಿಮಾಡಿಕೊಂಡು ಓಡಿದರೆ, ಯಾರದೋ ಮರಳಿನ ಲಾರಿ! “ಮಹಾಂತೇಶ ನಗರಕ್ಕ ಹ್ಯಾಂಗ್ ಹೋಗ್ಬೇಕ್ರಿ ಅಕ್ಕಾರ?” ಎಂದು ಡ್ರೈವರ್ ಕೇಳಿದ. ದಾರಿ ಹೇಳಿ ಮರಳಿದರೆ, ನಮ್ಮವರು ಲಾರಿಯನ್ನು ಆಚೆ ಓಣಿಯಲ್ಲಿ ನಿಲ್ಲಿಸಿ ಹಿತ್ತಲಿನಿಂದ ಬಂದು, ತಾಯಿಯ ಎದುರು ಕೂತು ಚಹಾ ಕುಡಿಯುತ್ತಿದ್ದಾರೆ.

“ನಿಮ್ಮ ಗಾಡಿ ಬೆಕ್ಕಿನಂಗ ಬರ್ತೈತ್ರಿ” ಎಂದೆ. ಅಷ್ಟೇ ಅಂದದ್ದು. ಕಣ್ಣು ಉಳಿದದ್ದನ್ನು ಹೇಳಿರಬೇಕು.

ಮರುದಿನ ಬರಿಗೈಯಲ್ಲಿ ಬಂದು ಹಣೆ ಚಚ್ಚಿಕೊಂಡರು. “ಡಬ್ಬಿ ಗಾಡ್ಯಾಗ ಉಳೀತಲ್ಲ! ಬಾ, ಬ್ಯಾಟರಿ ಹಿಡಿ, ಕತ್ತಲಾಗೇತಿ.” ಅಂದಿನಿಂದ ದಿನವೂ ಮರೆತರು. ಕಡೆಗೆ ಅತ್ತೆ, “ದಿನಾ ಡಬ್ಬಿ ಮರ್ಯಾಂವಗ ಲೈಸನ್ಸ್ ಯಾರ್ ಕೊಟ್ರವಾ? ಹೋಗ್ರಿ, ಸಾವಕಾಶ ಬರ್ರಿ. ರೊಟ್ಟಿ ನಾ ಬಡೀತೀನಿ” ಎಂದು ಗೋಡೆಯ ಕಡೆ ತಿರುಗಿ ನಕ್ಕರು.

ಏನನ್ನೂ ಮರೆಯಬೇಡಿ, ತಂದದ್ದನ್ನು ಅದರ ಜಾಗದಲ್ಲಿಡಿ ಎಂದು ಮದುವೆಯಾದಾಗಿನಿಂದ ಗಂಡನಿಗೆ ಪಾಠ ಹೇಳುತ್ತಿರುವವಳು ನಾನು. ಆ ಪಾಠ ಇವತ್ತು ತಲೆಗೆ ಹತ್ತಿತು. ಡಬ್ಬಿಯನ್ನು ತಾವೇ ತಂದು, ತೊಳೆದು, ಒರೆಸಿ, ಹಲಗೆಯ ಮೇಲಿಟ್ಟರು. ತಾರೀಖು ಹಾಕಿ ಅದನ್ನೂ ‘ಒಳ್ಳೆಯದಾಯಿತು’ ಎಂದು ಬರೆದಿದ್ದೇನೆ. ಅವರ ಜೊತೆ ಮಾತ್ರ ಸಂಜೆಯಿಂದ ಮಾತು ಬಿಟ್ಟಿದ್ದೇನೆ.