ನಡುಮನೆಯ ಗೋಡೆಯ ಹಳೇ ಕಾಗದ

ಗೋಡೆಗೆ ಅಂಟಿಸಿದ ಹಳೇ ಕಾಗದ ಕೀಳಲು ಹೊರಟ ಮನೆಯಲ್ಲಿ ನಗುವಂಥದ್ದು ಏನಾದರೊಂದು ಆಗಿಯೇ ಆಗುತ್ತದೆ. ನಮ್ಮ ಮನೆಯಲ್ಲಂತೂ ಒಂದೇ ವಾರದಲ್ಲಿ ಮೇಲಿಂದ ಮೇಲೆ ಆದವು. ನಾನು ಹಿಂದೆ ಏನೂ ಬರೆದವಳಲ್ಲ. ಆದ್ದರಿಂದ ಎಲ್ಲವನ್ನೂ ಮೊದಲಿಂದ ಬಿಡಿಸಿ ಹೇಳುತ್ತೇನೆ, ಗೊತ್ತಿದ್ದವರು ಬೇಸರಪಡಬಾರದು.

೧. ಕಾಗದ ಅಂಟಿಸಿದ್ದು ಯಾಕೆ

ಮುಳಬಾಗಿಲಿನ ನಮ್ಮ ಮನೆಯದು ಮಣ್ಣಿನ ಗೋಡೆ. ಅದಕ್ಕೆ ಬಳಿದ ಸುಣ್ಣ ಒರಗಿದವರ ಬೆನ್ನಿಗೆಲ್ಲ ಹತ್ತುತ್ತದೆ. ಅಪ್ಪ ಕಚೇರಿಯಲ್ಲಿ ಗುಮಾಸ್ತರು, ಕಪ್ಪು ಕೋಟು ಹಾಕುತ್ತಿದ್ದರು. ಒಂದು ದಿನ ಅವರ ಸಾಹೇಬರು ಬೆನ್ನು ನೋಡಿ, "ಏನ್ರೀ, ಮನೇನೂ ಹೊತ್ಕೊಂಡು ಬಂದಿದ್ದೀರಾ?" ಅಂದರಂತೆ.

ಅವತ್ತಿನಿಂದ ಅಪ್ಪ ಪ್ರತಿ ಯುಗಾದಿಗೂ ಸುಣ್ಣದ ಬದಲು ಹಳೇ ಪತ್ರಿಕೆ ಅಂಟಿಸತೊಡಗಿದರು. ಹಳೆಯದನ್ನು ಕೀಳುತ್ತಿರಲಿಲ್ಲ, ಅದರ ಮೇಲೆಯೇ ಹೊಸದು. ಯುದ್ಧದ ಕಾಲ ಬರುವ ಹೊತ್ತಿಗೆ ಗೋಡೆ ಹಾಸಿಗೆಯ ಹಾಗೆ ಮೆತ್ತಗಾಗಿತ್ತು.

ಆಗ ನನಗೆ ಹತ್ತೊಂಬತ್ತು. ಶ್ರೀನಿವಾಸಪುರದಿಂದ ಶುಕ್ರವಾರ ಗಂಡಿನ ಕಡೆಯವರು ಬರುವುದಿತ್ತು. ಅದಕ್ಕೆ ಮುಂಚೆ ಎರಡು ಸಂಬಂಧ ತಪ್ಪಿಹೋಗಿದ್ದವು. ಕಾರಣ, ನನ್ನ ಜಾತಕ ಕಳೆದುಹೋಗಿತ್ತು. ಜಾತಕ ತೋರಿಸದಿದ್ದರೆ ಏನೋ ಮುಚ್ಚಿಡುತ್ತಿದ್ದಾರೆ ಅಂತಲೇ ಜನ ತಿಳಿಯುತ್ತಿದ್ದರು. ಹೊಸದು ಬರೆಸೋಣವೆಂದರೆ ಹುಟ್ಟಿದ ಹೊತ್ತು ಅಪ್ಪ ಅಮ್ಮ ಇಬ್ಬರಿಗೂ ನೆನಪಿಲ್ಲ. ಅಪ್ಪನ ತಾಯಿ, ನಮ್ಮ ಅಜ್ಜಿ, "ಎಮ್ಮೆ ಹಾಲು ಕರೆಯೋ ಹೊತ್ತು" ಅನ್ನುತ್ತಿದ್ದಳು.

"ಬೆಳಿಗ್ಗೆಯೋ, ಸಂಜೆಯೋ?" ಅಂತ ಅಪ್ಪ ಕೇಳಿದರು.

"ಅದೇನೋಪ್ಪ. ಆ ಎಮ್ಮೆ ಎರಡು ಹೊತ್ತೂ ಕರೀತಿತ್ತು."

೨. ಐದನೇ ಪುಟ

"ಜಾತಕ ಅಂತೂ ಇಲ್ಲ, ಮನೆಯಾದ್ರೂ ಲಕ್ಷಣವಾಗಿ ಕಾಣಲಿ" ಅಂದಳು ಅಮ್ಮ. "ಆ ಕಾಗದ ಕಿತ್ತು ಸುಣ್ಣ ಹೊಡೆಸಿ. ಅವರು ಬರೋದು ಹೆಣ್ಣು ನೋಡೋಕೆ, ಪೇಪರ್ ಓದೋಕಲ್ಲ."

ಸುಣ್ಣ ಹೊಡೆಯುವ ಸಾಬರು ಬಂದು ಗೋಡೆ ತಟ್ಟಿ ನೋಡಿದರು. "ಮೊದ್ಲು ನೀರು ಚಿಮುಕಿಸ್ಬೇಕಮ್ಮಾ. ನೆಂದ್ರೆ ತಾನೇ ಬಿಟ್ಕೊಳ್ತದೆ. ಒಣಗಿದ್ದನ್ನ ಎಳೆದ್ರೆ ಗೋಡೆನೇ ಬರ್ತದೆ."

ನೀರು ಚಿಮುಕಿಸಿದೆವು. ಮೇಲಿನ ಪದರ ಬಂತು, ಕೆಳಗಿನದು ಕಂಡಿತು. ಅಲ್ಲಿಗೆ ಕೆಲಸ ನಿಂತಿತು, ಯಾಕೆಂದರೆ ಎಲ್ಲರೂ ಓದುತ್ತ ನಿಂತರು. ಸಹಾಯಕ್ಕೆಂದು ಬಂದ ಎದುರುಮನೆಯ ಮೇಷ್ಟ್ರಂತೂ ಒಂದು ಕೊಲೆ ಮೊಕದ್ದಮೆಯ ಸುದ್ದಿಗೆ ಕಚ್ಚಿಕೊಂಡರು. ಕೊನೆಗೆ, 'ಐದನೇ ಪುಟ ನೋಡಿ' ಎಂದಿತ್ತು. ಐದನೇ ಪುಟ ಅಡುಗೆಮನೆಯ ಗೋಡೆಯಲ್ಲಿತ್ತು. ಅಡುಗೆಮನೆಯಲ್ಲಿ ಅಜ್ಜಿ ಮಡಿಯಲ್ಲಿದ್ದಳು, ಅಂದರೆ ಸ್ನಾನ ಮಾಡಿ ಯಾರನ್ನೂ ಮುಟ್ಟಿಸಿಕೊಳ್ಳದೆ ಅಡುಗೆಗೆ ನಿಂತಿದ್ದಳು. ಹೊಸಿಲು ದಾಟುವ ಹಾಗಿಲ್ಲ.

ಮೇಷ್ಟ್ರು ಹೊಸಿಲಲ್ಲೇ ನಿಂತು, "ಅಜ್ಜೀ, ಅವನಿಗೆ ಶಿಕ್ಷೆ ಆಯ್ತಾ ಇಲ್ವಾ, ಅಷ್ಟು ನೋಡಿ ಹೇಳಿ" ಎಂದು ಅಂಗಲಾಚಿದರು.

"ನನಗೆ ಓದೋಕೆ ಎಲ್ಲಿ ಬರುತ್ತೆ ಮೇಷ್ಟ್ರೇ? ಇಲ್ಲಿ ಜಿರಳೆ ತಿಂದು ತೂತು ಬಿದ್ದಿದೆ, ಅಷ್ಟೇ ಕಾಣೋದು."

ಮೇಷ್ಟ್ರು ನಿಟ್ಟುಸಿರು ಬಿಟ್ಟರು. "ಹಾಗಾದ್ರೆ ತಪ್ಪಿಸ್ಕೊಂಡ, ಬಡ್ಡೀಮಗ."

೩. ಹಸು

ಆಗ ನಾವು ರಾಗಿಹಿಟ್ಟನ್ನು ಕುದಿಸಿ ಅಂಟು ಮಾಡುತ್ತಿದ್ದೆವು. ಹಾಗಾಗಿ ಕಿತ್ತ ಕಾಗದದಲ್ಲಿ ರಾಗಿಯ ವಾಸನೆ ಇತ್ತು. ಹಿತ್ತಲಿಗೆ ಹಾಕಿದ್ದ ರಾಶಿಯನ್ನು ಮೇಷ್ಟ್ರ ಹಸು ಮುಗಿಸಿತು. ಮಾರನೆಯ ಬೆಳಿಗ್ಗೆ ಮೇಷ್ಟ್ರು ಖಾಲಿ ಚೊಂಬು ಹಿಡಿದು ಬಂದರು.

"ಅಜ್ಜೀ, ನಿಮ್ಮ ಕಾಗದ ತಿಂದು ನನ್ನ ಹಸು ಒಂದು ತೊಟ್ಟು ಹಾಲು ಕೊಡ್ತಿಲ್ಲ."

"ನಿಮ್ಮ ಮನೆ ಹಸು ಅಲ್ವಾ ಮೇಷ್ಟ್ರೇ! ಪೇಪರ್ ಸಿಕ್ಕಿದ ಮೇಲೆ ಬೇರೆ ಕೆಲಸ ಎಲ್ಲಿ ಮಾಡುತ್ತೆ?"

೪. ಶುಕ್ರವಾರ

ಇಷ್ಟೆಲ್ಲ ಆಗಿ ಗೋಡೆ ಬೆಳ್ಳಗಾಯಿತು. ದೀಪವಿಡುವ ಗೂಡಿನ ಮೇಲೆ ಮಾತ್ರ ಒಂದು ತುಂಡು ಉಳಿಯಿತು. ಎಲ್ಲಕ್ಕಿಂತ ಕೆಳಗಿನ ಪದರ ಅದು, ನೇರ ಮಣ್ಣಿಗೆ ಅಂಟಿತ್ತು. ಸಾಬರು ನೆನೆಸಿ ಮಸಿ ಒರೆಸಿ, "ಇದು ಬರಲ್ಲಮ್ಮಾ, ಎಳೆದ್ರೆ ಮಣ್ಣು ಉದುರ್ತದೆ" ಎಂದು ಕೈಬಿಟ್ಟರು.

ಶುಕ್ರವಾರ ಬಂದವರಿಗೆ ಕಾಫಿ ಕೊಟ್ಟು, ನಮಸ್ಕಾರ ಮಾಡಿ, ನಾನು ಬಾಗಿಲ ಹಿಂದೆ ನಿಂತೆ. ಗಂಡು ತಲೆ ತಗ್ಗಿಸಿ ಕೂತಿತ್ತು. ನಾನು ಅಷ್ಟರಲ್ಲೇ ಎರಡು ಸಲ ಇಣುಕಿ ನೋಡಿದ್ದೆ. ಗಂಡಿನ ತಂದೆ, "ಜಾತಕ ಕೊಡಿ" ಅಂದರು. ಅಪ್ಪ ಪೆಟ್ಟಿಗೆಯಲ್ಲಿ ಸುಮ್ಮನೆ ತಡಕಾಡತೊಡಗಿದರು. ಇದೂ ತಪ್ಪಿಹೋಯಿತು ಅಂದುಕೊಂಡು ನನಗೆ ಕಣ್ಣಲ್ಲಿ ನೀರು ಬಂತು.

ಅಷ್ಟರಲ್ಲಿ ಗಂಡಿನ ತಂದೆ ಎದ್ದು ಹೋಗಿ, ಗೂಡಿನ ಮುಂದೆ ಕತ್ತು ಪೂರ್ತಿ ಓರೆ ಮಾಡಿ ನಿಂತರು.

"ಏನ್ರೀ, ಇದು ಯಾರ ಜಾತಕ? ತಲೆಕೆಳಗಾಗಿ ಅಂಟಿಸಿದ್ದೀರಲ್ಲ!"

ಅಪ್ಪ ಹೋಗಿ ಹೆಸರು ಓದಿದರು, ನನ್ನದೇ! ಅಪ್ಪನ ಮುಖ ಬಿಳಿಚಿಕೊಂಡಿತು. "ಅಮ್ಮಾ, ಅದನ್ನ ಇಲ್ಲಿಗೆ ಹಚ್ಚಿದ್ದು ಯಾರು?"

ಅಜ್ಜಿ ಗಡಿಯ ಕಡೆಯವಳು, ಸಿಟ್ಟು ಬಂದರೆ ತೆಲುಗು ನುಗ್ಗುತ್ತಿತ್ತು. "ಏಮಿರಾ, ಸ್ಟೂಲ್ ಮೇಲೆ ನಿಂತು 'ಗೂಡಿನ ಮೇಲಕ್ಕೆ ಒಂದು ದೊಡ್ಡ ಕಾಗದ ಕೊಡಮ್ಮ' ಅಂದೋನು ನೀನೇ ಅಲ್ವೇನೋ? ಅಂಟು ಸವರಿ ಕೊಟ್ಟೆ. ನೀನು ಕನ್ನಡಕ ಇಲ್ಲದೆ ಹಚ್ಚಿದೆ!"

ಗಂಡಿನ ತಂದೆ ಅಲ್ಲೇ ನಿಂತು ಗ್ರಹ ಎಣಿಸತೊಡಗಿದರು. ಅವರ ಹೆಂಡತಿಗೆ ದಿಗಿಲು. "ಅಯ್ಯೋ, ಸರಿಯಾಗಿ ನೋಡ್ರೀ! ತಲೆಕೆಳಗೆ ಓದಿದ್ರೆ ರಾಹು ಹೋಗಿ ಕೇತು ಮನೇಲಿ ಕೂತ್ಕೋತಾನೆ." (ರಾಹು ಕೇತು ಇಬ್ಬರೂ ಜಾತಕದಲ್ಲಿ ಯಾವಾಗಲೂ ಎದುರುಬದುರು ಇರುತ್ತಾರೆ, ಅದಕ್ಕೆ ಹಾಗಂದರು.)

ಹತ್ತು ನಿಮಿಷದ ಮೇಲೆ ಗಂಡಿನ ತಂದೆ ಕತ್ತು ನೇರ ಮಾಡಿ, "ಕೂಡಿ ಬರುತ್ತೆ" ಅಂದರು. ಜಾತಕವನ್ನು ತಟ್ಟೆಯಲ್ಲಿಟ್ಟು ಅರಿಶಿನ ಕುಂಕುಮದ ಜೊತೆ ಕೊಡುವುದು ಪದ್ಧತಿ. ಅಪ್ಪ ಚಾಕು ತಂದು ಕಾಗದದ ಅಂಚು ಎಬ್ಬಿಸಿದರು. ದಬದಬ ಮಣ್ಣು ಉದುರಿತು.

"ಬಿಡ್ರೀ, ಬಿಡಿ!" ಎಂದು ಗಂಡಿನ ತಂದೆ ಕೈ ಹಿಡಿದರು. "ಜಾತಕ ಗೋಡೆ ಬಿಟ್ಟು ಬರೋ ಹಾಗೆ ಕಾಣಲ್ಲ. ಹುಡುಗಿಯಾದ್ರೂ ಈ ಮನೆ ಬಿಟ್ಟು ಬರ್ತಾಳಾ, ಕೇಳಿ."

ಯಾರೂ ಕೇಳುವ ಮುಂಚೆಯೇ ಬಾಗಿಲ ಹಿಂದಿನಿಂದ ನನ್ನ ಬಾಯಿ ತಾನಾಗಿ ತೆರೆಯಿತು: "ಬರ್ತೀನಿ!"

ಆ ಮನೆ, ಆ ಗೋಡೆ, ಅಲ್ಲಿದ್ದವರಲ್ಲಿ ನನ್ನ ಹೊರತು ಯಾರೂ ಈಗಿಲ್ಲ. ಆದರೆ ಅಜ್ಜಿ ಆಗ ಅಂದ ಮಾತು ಇವತ್ತಿಗೂ ಕಿವಿಯಲ್ಲಿದೆ:

"ನೋಡ್ರೇ ಇವಳ್ನ! ನೀರು ಚಿಮುಕಿಸೋಕೆ ಮುಂಚೇನೇ ಬಿಟ್ಕೊಂಡ್ಳು."